ಮೆಕ್ಕೆಜೋಳದ ಸೈನಿಕ ಹುಳು: ನ್ಯಾಮತಿ ಸೀಮೆಯಲ್ಲಿ ಅದರ ಚರಿತ್ರೆ

ಅಮೆರಿಕ ಖಂಡದ ಉಷ್ಣಪ್ರದೇಶಗಳಲ್ಲಿ ಜನಿಸಿ, ಈಗ ಕನ್ನಡನಾಡಿನ ಮೆಕ್ಕೆಜೋಳದ ಹೊಲಗಳಲ್ಲಿ ನೆಲೆನಿಂತಿರುವ ನಿಶಾಚರ ಪತಂಗವೊಂದರ ಮರಿಗೆ ಫಾಲ್ ಸೈನಿಕ ಹುಳು ಎಂದು ಹೆಸರು. ಶಾಸ್ತ್ರಜ್ಞರು ಇದನ್ನು ಸ್ಪೊಡಾಪ್ಟೆರ ಫ್ರೂಜಿಪೆರ್ಡ ಎನ್ನುತ್ತಾರೆ. 1797ರಲ್ಲಿ ಜೆ. ಇ. ಸ್ಮಿತ್ ಎಂಬ ವಿದ್ವಾಂಸನು ಇದನ್ನು ಮೊದಲು ವರ್ಣಿಸಿದನು. ಅಲ್ಲಿಂದ ಮುಂದೆ ಎರಡು ಶತಮಾನಗಳಿಗೂ ಮಿಕ್ಕ ಕಾಲ ತನ್ನ ಜನ್ಮಭೂಮಿಗೇ ಸೀಮಿತವಾಗಿದ್ದ ಈ ಕೀಟವು 2016ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಕಾಣಿಸಿಕೊಂಡು, ಎರಡೇ ವರ್ಷಗಳಲ್ಲಿ ಆ ಖಂಡದ ಬಹುಭಾಗವನ್ನು ಆಕ್ರಮಿಸಿತು.

ಭಾರತದಲ್ಲಿ ಇದರ ಇರವು ಮೊದಲು ತಿಳಿದುಬಂದದ್ದು ನ್ಯಾಮತಿಯ ನೆರೆಯಲ್ಲೇ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮಹಾವಿದ್ಯಾಲಯದ ಕೀಟಶಾಸ್ತ್ರಜ್ಞರಾದ ಶರಣಬಸಪ್ಪ, ಸಿ. ಎಂ. ಕಲ್ಲೇಶ್ವರಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು, ಮೆಕ್ಕೆಜೋಳದ ಸುಳಿಗಳನ್ನು ಜರಡಿಯಂತೆ ತೂತುಗೊಳಿಸುತ್ತಿದ್ದ ಅಪರಿಚಿತ ಹುಳುವನ್ನು ಗಮನಿಸಿ, ಅದರ ದೇಹಲಕ್ಷಣಗಳಿಂದಲೂ ಡಿಎನ್‌ಎ ಪರೀಕ್ಷೆಯಿಂದಲೂ ಗುರುತನ್ನು ನಿಸ್ಸಂಶಯವಾಗಿ ನಿರ್ಧರಿಸಿದರು. ದೇಶಕ್ಕೇ ಮುನ್ನೆಚ್ಚರಿಕೆ ಕೊಟ್ಟ ಈ ಕಾರ್ಯಕ್ಕೆ ಸಲ್ಲಬೇಕಾದಷ್ಟು ಮನ್ನಣೆ ನಮ್ಮಲ್ಲಿ ಸಂದಿಲ್ಲ. ಆ ಮುಂಗಾರಿನಲ್ಲೇ ದಾವಣಗೆರೆ, ಚಿತ್ರದುರ್ಗ, ಹಾಸನ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹೊಲಗಳಲ್ಲಿಯೂ ಪಿಡುಗು ಕಂಡುಬಂದಿತು. 1997ರವರೆಗೆ ಶಿವಮೊಗ್ಗ ಜಿಲ್ಲೆಗೇ ಸೇರಿದ್ದ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳಲ್ಲಿಯೂ, ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯಲ್ಲಿಯೂ, ದೂರದ ಜಗಳೂರಿನಲ್ಲಿಯೂ ಮಳೆಯನ್ನೇ ನಂಬಿದ ರೈತರಿಗೆ ಮೆಕ್ಕೆಜೋಳವೇ ಮುಖ್ಯ ಆದಾಯವಾದುದರಿಂದ, ಈ ಕೀಟದ ಆಗಮನ ಇಲ್ಲಿಯ ಸಂಸಾರಗಳ ಮೇಲೆಯೇ ಬಿದ್ದ ಪೆಟ್ಟಾಯಿತು.

ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರದಂಥ ಬಿಳಿಯ ಗೆರೆಯೂ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳೂ ಇರುತ್ತವೆ. ತಾಯಿ ಪತಂಗವು ತನ್ನ ಜೀವಿತದಲ್ಲಿ ಸಾವಿರಕ್ಕೂ ಮಿಕ್ಕಿ ಮೊಟ್ಟೆಗಳನ್ನು ಗುಂಪುಗುಂಪಾಗಿ ಇಟ್ಟು, ಮೈಯ ರೋಮಗಳಿಂದ ಮುಚ್ಚುತ್ತದೆ. ಎಳೆಯ ಮರಿಗಳು ಎಲೆಯ ಹಸುರನ್ನು ಕೆರೆದು ತಿಂದು, ನೂಲಿನೆಳೆಯ ಆಸರೆಯಿಂದ ಗಾಳಿಯಲ್ಲಿ ತೇಲಿ ನೆರೆಯ ಗಿಡಗಳಿಗೆ ಹರಡುತ್ತವೆ. ಬೆಳೆದ ಹುಳುವಾದರೋ ಸುಳಿಯೊಳಗೆ ಅಡಗಿ, ತನ್ನ ಲದ್ದಿಯ ಮರೆಯಲ್ಲಿ ಕುಳಿತು, ಅಲ್ಲಿಗೆ ಬಂದ ಸ್ವಜಾತಿಯ ಕಿರಿಯರನ್ನೇ ಭಕ್ಷಿಸುವುದರಿಂದ ಒಂದು ಸುಳಿಯಲ್ಲಿ ಸಾಮಾನ್ಯವಾಗಿ ಒಂದೇ ದೊಡ್ಡ ಹುಳು ಉಳಿಯುತ್ತದೆ. ಅನಂತರ ಮಣ್ಣಿಗಿಳಿದು ಕೋಶವಾಗುತ್ತದೆ. ಪತಂಗವು ಒಂದು ರಾತ್ರಿಯಲ್ಲಿ ನೂರು ಕಿಲೋಮೀಟರಿನಷ್ಟು ಹಾರಬಲ್ಲುದು. ಇದಕ್ಕೆ ಸುಪ್ತಾವಸ್ಥೆಯೆಂಬುದಿಲ್ಲ, ಬೇಸಗೆಯಲ್ಲಿಯೂ ನೀರಾವರಿಯ ಮೆಕ್ಕೆಜೋಳ ದೊರೆತಲ್ಲಿ ಅದರ ಸಂತತಿ ಅವಿಚ್ಛಿನ್ನವಾಗಿ ಸಾಗುತ್ತದೆ.

ಸುಳಿಯ ಆಳದಲ್ಲಿರುವ ಹುಳುವಿಗೆ ಮೇಲಿನಿಂದ ಸಿಂಪಡಿಸಿದ ಔಷಧಿ ತಲಪುವುದು ದುಸ್ಸಾಧ್ಯವಾದ್ದರಿಂದ, ಅದು ಇರುವಲ್ಲಿಗೇ ವಿಷವನ್ನು ಒಯ್ಯುವ ಪಾಷಾಣದ ಉಪಾಯವನ್ನು ತಜ್ಞರು ಬೋಧಿಸಿದರು: 10 ಕಿಲೋ ಅಕ್ಕಿ ತೌಡಿಗೆ 2 ಕಿಲೋ ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಸೇರಿಸಿ, ಒಂದು ದಿನ ಹುಳಿಯಲು ಬಿಟ್ಟು, ಬಳಸುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ ಸುಳಿಗೆ ಉದುರಿಸುವುದು. ಇದಕ್ಕಿಂತಲೂ ಆಶಾದಾಯಕವಾದದ್ದು ಕರ್ನಾಟಕದ ಹೊಲಗಳಲ್ಲೇ ದೊರೆತ ನೈಸರ್ಗಿಕ ಶತ್ರುಗಳ ಶೋಧ. ಟೆಲೆನೋಮಸ್, ಟ್ರೈಕೋಗ್ರಾಮ ಎಂಬ ಸೂಕ್ಷ್ಮ ಕಣಜಗಳು ಮೊಟ್ಟೆಗಳನ್ನು ನಾಶಪಡಿಸುತ್ತವೆ. ಮೆಟಾರೈಜಿಯಂ ರೈಲಿಯೆಂಬ ಶಿಲೀಂಧ್ರವು ತೇವದ ದಿನಗಳಲ್ಲಿ ಹುಳುವನ್ನು ಕೊಂದು ಬಿಳಿಯಾಗಿ, ಬಳಿಕ ಹಸುರಾಗಿ ಬೆಳೆಯುತ್ತದೆ. ಮೇಲಿಂದ ಮೇಲೆ ವಿಷ ಸುರಿದರೆ ಈ ಕಣಜಗಳೇ ಮೊದಲು ಸಾಯುವುವು. ಆದಕಾರಣ ಬೆಳೆಗಾರರು ಮೊಳಕೆಯಾದ ವಾರದಿಂದಲೇ ಹೊಲವನ್ನು ಸುತ್ತಿ, ಮೊಟ್ಟೆಯ ಗುಂಪು ಕಂಡ ಎಲೆಗಳನ್ನು ಕಿತ್ತು ನಾಶಪಡಿಸಬೇಕು. ಔಷಧಿಯನ್ನು ಹುಳು ಎಳೆಯದಾಗಿರುವಾಗಲೇ, ಬೇಕಾದಷ್ಟೇ ಬಳಸಬೇಕು. ಪಾಷಾಣ ಹಾಕಿದ ಹೊಲದ ಮೇವನ್ನು ಕೂಡಲೇ ದನಕರುಗಳಿಗೆ ಕೊಡಬಾರದು.