ಮ್ಯಾಂಗನೀಸ್ ಕೆಳಗಿನ ಖಾಲಿ ಮನೆ

ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆ ತೆಂಗಿನ ಸೀಮೆ. ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರದಲ್ಲಿ ಪೊಟ್ಯಾಸಿಯಂ ಇದೆ. ತಾಲ್ಲೂಕಿನ ಗುಡ್ಡಗಳ ಅದಿರಿನಲ್ಲಿ ಮ್ಯಾಂಗನೀಸ್, ಕಬ್ಬಿಣ ಇವೆ. ಆದರೆ ವಿಜ್ಞಾನ ಪುಸ್ತಕದ ಆವರ್ತ ಕೋಷ್ಟಕದಲ್ಲಿ ಇವೇ 19, 25, 26 ಎಂಬ ಅಂಕಿಗಳಾಗಿ ಬಂದಾಗ ಹೈಸ್ಕೂಲು ವಿದ್ಯಾರ್ಥಿಗೆ ಬಾಯಿಪಾಠದ ಪಟ್ಟಿಯಾಗಿಬಿಡುತ್ತವೆ. ಈ ಪಟ್ಟಿಯ ಹಿಂದೆ ಒಬ್ಬ ಅಧ್ಯಾಪಕನ ಧೈರ್ಯದ ಕಥೆಯಿದೆ.

ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪಾಠ ಹೇಳುತ್ತಿದ್ದ ಡಿಮಿಟ್ರಿ ಮೆಂಡಲೀವ್ ವಿದ್ಯಾರ್ಥಿಗಳಿಗಾಗಿ ರಸಾಯನಶಾಸ್ತ್ರದ ಪುಸ್ತಕ ಬರೆಯುತ್ತಿದ್ದ. ಆಗ ತಿಳಿದಿದ್ದ ಮೂಲವಸ್ತುಗಳು 63. ಅವನ್ನು ಪರಮಾಣು ತೂಕದ ಕ್ರಮದಲ್ಲಿ ಜೋಡಿಸಿದಾಗ ಒಂದೇ ಬಗೆಯ ಗುಣ ಮತ್ತೆ ಮತ್ತೆ ಮರಳಿ ಬರುವುದನ್ನು ಆತ 1869ರಲ್ಲಿ ತೋರಿಸಿದ. ನೀರು ತಾಕಿದರೆ ರೇಗುವ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಒಂದೇ ಸಾಲಿಗೆ ಸೇರಿದವು. ಗುಣ ಹೊಂದದ ಕಡೆ ಮೆಂಡಲೀವ್ ಬಲವಂತವಾಗಿ ತುಂಬಲಿಲ್ಲ. ಮನೆಯನ್ನು ಖಾಲಿ ಬಿಟ್ಟ. ಅಲ್ಲಿಗೆ ಬರಬೇಕಾದ ವಸ್ತುಗಳಿಗೆ ಸಂಸ್ಕೃತದ ಅಂಕಿ ಸೇರಿಸಿ ಏಕ-ಅಲ್ಯುಮಿನಿಯಂ, ಏಕ-ಮ್ಯಾಂಗನೀಸ್ ಎಂದು ಹೆಸರಿಟ್ಟ.

1875ರಲ್ಲಿ ಫ್ರಾನ್ಸಿನಲ್ಲಿ ಗ್ಯಾಲಿಯಂ ಸಿಕ್ಕಿತು. ಕಂಡುಹಿಡಿದವನು ಅಳೆದ ಸಾಂದ್ರತೆ 4.7. ಅದು 5.9ರ ಆಸುಪಾಸು ಇರಬೇಕು, ಮತ್ತೆ ನೋಡಿ ಎಂದು ಆ ಲೋಹವನ್ನು ಕಣ್ಣಿಂದಲೂ ಕಾಣದ ಮೆಂಡಲೀವ್ ತಿಳಿಸಿದ. ಶುದ್ಧಗೊಳಿಸಿ ಅಳೆದಾಗ 5.9 ಬಂತು! ಏಕ-ಅಲ್ಯುಮಿನಿಯಂ ಎಂದರೆ ಇದೇ. 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಬಂದು ಇನ್ನೆರಡು ಮನೆ ತುಂಬಿದವು.

ಆದರೆ ಮ್ಯಾಂಗನೀಸ್ ಕೆಳಗಿನ ಮನೆ ತುಂಬಲಿಲ್ಲ. ಸಿಕ್ಕಿತೆಂದು ಹಲವರು ಹೇಳಿಕೊಂಡರು, ಯಾವುದೂ ನಿಲ್ಲಲಿಲ್ಲ. ಮೆಂಡಲೀವ್ 1907ರಲ್ಲಿ ತೀರಿಕೊಂಡ. ಹಾಗಾದರೆ ಅವನ ಊಹೆ ತಪ್ಪೇ? 1913ರಲ್ಲಿ ಇಂಗ್ಲೆಂಡಿನ ಯುವಕ ಹೆನ್ರಿ ಮೋಸ್ಲಿ ಕ್ಷ-ಕಿರಣಗಳ ನೆರವಿನಿಂದ, ಮೂಲವಸ್ತುವಿನ ಸ್ಥಾನ ನಿರ್ಧರಿಸುವುದು ತೂಕವಲ್ಲ, ಪರಮಾಣು ಸಂಖ್ಯೆ ಎಂದು ತೋರಿಸಿದ. ಪೊಟ್ಯಾಸಿಯಂಗಿಂತ ಭಾರವಾದ ಆರ್ಗಾನ್ ಅದಕ್ಕಿಂತ ಮೊದಲು ಕುಳಿತಿದ್ದೇಕೆಂಬ ಗೊಂದಲವೂ ಬಗೆಹರಿಯಿತು: ಆರ್ಗಾನ್ 18, ಪೊಟ್ಯಾಸಿಯಂ 19. ಹೊಸ ಲೆಕ್ಕದಲ್ಲೂ 43 ಖಾಲಿಯೇ ಇತ್ತು. ಊಹೆ ಸರಿಯಾಗಿತ್ತು, ವಸ್ತು ಮಾತ್ರ ಇರಲಿಲ್ಲ.

ಅದು ದೊರೆತದ್ದು 1937ರಲ್ಲಿ, ಇಟಲಿಯ ಪಲೆರ್ಮೊದಲ್ಲಿ. ಅಮೆರಿಕದ ಸೈಕ್ಲೋಟ್ರಾನ್ ಯಂತ್ರದಲ್ಲಿ ಕಣಗಳ ಹೊಡೆತ ತಿಂದಿದ್ದ ಮಾಲಿಬ್ಡಿನಂ ತಗಡಿನಲ್ಲಿ ಸೆಗ್ರೆ ಮತ್ತು ಪೆರಿಯೆ ಅದನ್ನು ಗುರುತಿಸಿದರು. ಮಾಲಿಬ್ಡಿನಂ ಸಂಖ್ಯೆ 42. ಒಂದು ಪ್ರೋಟಾನು ಸೇರಿ 43 ಆಗಿತ್ತು. ಮನುಷ್ಯ ಕೃತಕವಾಗಿ ತಯಾರಿಸಿದ ಮೊದಲ ಮೂಲವಸ್ತುವಾದ್ದರಿಂದ ಅದಕ್ಕೆ ಟೆಕ್ನೀಶಿಯಂ ಎಂಬ ಹೆಸರು ಬಂತು. ಅದರ ಎಲ್ಲ ರೂಪಗಳೂ ವಿಕಿರಣಪಟು. ಅತಿ ದೀರ್ಘಾಯುವಾದ ರೂಪವೂ ಸುಮಾರು 42 ಲಕ್ಷ ವರ್ಷಗಳಲ್ಲಿ ಅರ್ಧದಷ್ಟು ನಶಿಸುತ್ತದೆ. ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷ. ಹುಟ್ಟಿನಲ್ಲಿ ಇದ್ದದ್ದು ಎಂದೋ ಮುಗಿದಿತ್ತು.

ಇಂದು ಮೂಳೆ, ಹೃದಯದ ಸ್ಕ್ಯಾನಿಂಗ್‌ಗೆ ಆಸ್ಪತ್ರೆಗಳಲ್ಲಿ ಬಳಸುವುದು ಇದೇ ಟೆಕ್ನೀಶಿಯಂ. ಕೋಷ್ಟಕದ ಏಳೂ ಅಡ್ಡಸಾಲುಗಳು ತುಂಬಿ ಸಂಖ್ಯೆ 118ಕ್ಕೆ ಮುಟ್ಟಿದೆ. ಪುಸ್ತಕದಲ್ಲಿ 25ರ ಕೆಳಗೆ 43 ಎಂದು ಓದುವ ವಿದ್ಯಾರ್ಥಿ ನೆನಪಿಡಬೇಕಾದದ್ದು ಇಷ್ಟೇ: ಗೊತ್ತಿಲ್ಲದ್ದಕ್ಕೆ ಜಾಗ ಬಿಡುವುದೂ ವಿಜ್ಞಾನವೇ.