ಕೋಲು ಹಿಡಿದರೆ ಮುದುಕರಾ? ಫಿನ್ಲೆಂಡ್ ಕಾಡಿನಿಂದ ಶ್ರೀಶೈಲದ ದಾರಿವರೆಗೆ

ಇಯರ್‌ಫೋನ್ ಹಾಕ್ಕೊಂಡು ವಾಕಿಂಗ್ ಮಾಡ್ತಾ ಕೇಳ್ತಿದ್ದೀರಾ? ಹಂಗಾದ್ರೆ ಇವತ್ತಿನ ಕತೆ ನಿಮಗೇ. ಇದು ಕೋಲಿನ ಚರಿತ್ರೆ.

ಸೆಪ್ಟೆಂಬರ್ ಕೊನೆಗೆ ಕೆಲಸದ ಮೇಲೆ ಹೆಲ್ಸಿಂಕಿಗೆ ಹೋಗಿದ್ದೆ. ಪಕ್ಕದಲ್ಲೇ ನೂಕ್ಸಿಯೋ ರಾಷ್ಟ್ರೀಯ ಉದ್ಯಾನ. ಎಲೆಗಳೆಲ್ಲ ಹಳದಿ, ಕೆಂಪು. ಆ ಬಣ್ಣದ ಕಾಲಕ್ಕೆ ಅವರು ‘ರುಸ್ಕಾ’ ಅಂತಾರೆ. ಗೈಡ್ ನನ್ನ ಕೈಗೆ ಎರಡು ಕೋಲು ಕೊಟ್ಟು ನಾರ್ಡಿಕ್ ವಾಕಿಂಗ್ ಕಲಿಸಿದರು. ಎಡಗಾಲು ಮುಂದಿಟ್ಟಾಗ ಬಲಗೈ ಮುಂದೆ. ಕೋಲನ್ನು ಓರೆಯಾಗಿ ಊರಿ ಹಿಂದಕ್ಕೆ ತಳ್ಳಬೇಕು. ಮೊದಲ ಹತ್ತು ನಿಮಿಷ ಕೈಯೂ ಕಾಲೂ ಒಂದೇ ಕಡೆ ಹೋಗಿ ನಾನೇ ನಕ್ಕೆ. ಆಮೇಲೆ ಲಯ ಸಿಕ್ಕಿತು. ಬೆನ್ನು, ಭುಜ, ತೋಳು ಎಲ್ಲಾ ನಡೆಯೋಕೆ ಶುರುವಾದವು.

ಇದು ಹುಟ್ಟಿದ್ದು ಹಿಮದ ಮೇಲೆ ಜಾರುವ ಸ್ಕೀ ಆಟಗಾರರಿಂದ. ಬೇಸಿಗೆಯಲ್ಲಿ ಹಿಮ ಇರಲ್ಲ, ಅಭ್ಯಾಸ ಬಿಡಂಗಿಲ್ಲ. ಅದಕ್ಕೆ ಬರೀ ಕೋಲು ಹಿಡಿದು ಗುಡ್ಡ ಹತ್ತುತ್ತಿದ್ದರು. 1979ರಲ್ಲಿ ಮೌರಿ ರೆಪೋ ಎಂಬ ತರಬೇತುದಾರ ಈ ಅಭ್ಯಾಸದ ಬಗ್ಗೆ ಬರೆದರು. 1997ರಲ್ಲಿ ಎಕ್ಸೆಲ್ ಕಂಪನಿ ನಡಿಗೆಗೆಂದೇ ಮಾಡಿದ ಕೋಲುಗಳನ್ನು ಮಾರುಕಟ್ಟೆಗೆ ತಂದಿತು. ಮೊದಮೊದಲು ಜನ ‘ಏನ್ರೀ, ಸ್ಕೀ ಮನೇಲಿ ಮರೆತು ಬಂದ್ರಾ?’ ಅಂತ ಗೇಲಿ ಮಾಡ್ತಿದ್ದರು. ಫಿನ್ನಿಶ್ ಭಾಷೆಯಲ್ಲಿ ಅದರ ಹೆಸರಿನ ಅರ್ಥ ‘ಕೋಲು ನಡಿಗೆ’, ಅಷ್ಟೇ.

ಆ ಹೆಸರು ಕೇಳಿದ ಕೂಡಲೇ ನನಗೆ ಗಿಲ್ಲೆಸುಗೂರು ನೆನಪಾಯ್ತು. ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗೋ ರಸ್ತೆಯ ಊರು. ಯುಗಾದಿ ಹತ್ತಿರ ಬಂತಂದ್ರೆ ಬಾಗಲಕೋಟೆ, ವಿಜಯಪುರ ಕಡೆಯಿಂದ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರು ರಾಯಚೂರು ಸೀಮೆ ದಾಟ್ತಾರೆ. ದಾರಿಯುದ್ದಕ್ಕೂ ಅನ್ನ, ಮಜ್ಜಿಗೆ, ಕಾಲಿಗೆ ಹಚ್ಚೋಕೆ ಎಣ್ಣೆ. ನಮ್ಮ ತಾತನೂ ಅವರ ಜೊತೆ ಹೋದವನೇ.

ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲ ಕಾಡು ಶುರು. ನಾಗಲೂಟಿ, ಪೆಚ್ಚೆರುವು, ಆಮೇಲೆ ಭೀಮುನಿ ಕೊಳನು. ಅಲ್ಲಿ ಕಣಿವೆಗಿಳಿದು ಮತ್ತೆ ಕಡಿದಾದ ಮೆಟ್ಟಿಲು ಹತ್ತಿದರೆ ಕೈಲಾಸ ದ್ವಾರ. ಯುಗಾದಿಗೆ ಮುಂಚೆ ಆ ಕಾಡಲ್ಲೂ ಎಲೆ ಉದುರಿರುತ್ತೆ. ನಮ್ಮ ‘ರುಸ್ಕಾ’ ಬಿಸಿಲಲ್ಲಿ ಬರುತ್ತೆ ನೋಡ್ರಿ!

ಈ ದಾರಿ ಬಹಳ ಹಳೇದು. 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದಳು ಅನ್ನುತ್ತೆ ಪರಂಪರೆ. 14ನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ. ಅದೇ ಶತಮಾನದ ಕೊನೆಗೆ ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠಲಾಂಬೆ ಪಾತಾಳಗಂಗೆಗೆ ಮೆಟ್ಟಿಲು ಮಾಡಿಸಿದಳು. ರಾಜರು ಕಲ್ಲು ಹಾಕಿಸಿದರು ಅಂದ್ರೆ, ನಡೆಯೋ ಜನ ಅಷ್ಟಿದ್ದರು ಅಂತ ಅರ್ಥ. ಆ ಜನರ ಹೆಸರು ಯಾವ ಶಾಸನದಲ್ಲೂ ಇಲ್ಲ. ಅವರ ಕೈಯ ಬಿದಿರು ಕೋಲು ಯಾವ ಮ್ಯೂಸಿಯಂನಲ್ಲೂ ಇಲ್ಲ.

ಈಗ ತಾತನ ವಿಷಯ. ಎರಡು ವರ್ಷದಿಂದ ಮೊಣಕಾಲು ನೋವು. ಕಟ್ಟೆ ಬಿಟ್ಟು ಏಳಂಗಿಲ್ಲ. ಕೋಲು ಕೊಟ್ಟರೆ ಒಂದೇ ಮಾತು: ‘ಕೋಲು ಹಿಡದ್ರ ಊರಾಗ ಮುದುಕ ಆದ ಅಂತಾರ.’

ಅವತ್ತು ಕಾಡಿನಿಂದಲೇ ವಿಡಿಯೋ ಕಾಲ್ ಮಾಡಿದೆ. ಇಪ್ಪತ್ತೈದರ ಹುಡುಗರು ಎರಡೆರಡು ಕೋಲು ಹಿಡಿದು ನಡೀತಿರೋದನ್ನ ತೋರಿಸಿದೆ. ‘ತಾತಾ, ಭೀಮುನಿ ಕೊಳ ಇಳಿಯೋವಾಗ ನಿನ್ನ ಕೈಯಾಗ ಏನಿತ್ತು?’ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಕೋಲು ಇತ್ತಲ್ಲೋ. ಅದಿಲ್ಲದ ಇಳಿಯಾಕ ಆಗತ್ತೇನು?’ ಅಂದ.

‘ಅವಾಗ ನಿನಗ ಎಷ್ಟು ವಯಸ್ಸು?’

‘ಮೂವತ್ತು.’

ಅಷ್ಟೇ ಮಾತು. ಹೋದ ವಾರ ಅವ್ವ ಫೋನ್ ಮಾಡಿದ್ದಳು. ತಾತ ಬಿದಿರು ಕೋಲು ಹಿಡಿದು ಬಸ್ ಸ್ಟ್ಯಾಂಡ್ ತನಕ ಹೋಗಿ ಚಹಾ ಕುಡಿದು ಬಂದನಂತೆ.

ನಿಮ್ಮ ಮನೇಲೂ ಕಟ್ಟೆ ಹಿಡಿದು ಕೂತವರು ಇದ್ದರೆ ಕೇಳ್ರಿ, ಅವರು ಎಲ್ಲೆಲ್ಲಿ ನಡೆದಿದ್ದರು ಅಂತ. ಮುಂದಿನ ವಾರ ಸಿಗೋಣ.