ಮಲ್ಲವಿನೋದ

ಮಲ್ಲವಿನೋದವು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ 'ಮಾನಸೋಲ್ಲಾಸ'ದಲ್ಲಿ ಕುಸ್ತಿಯನ್ನು ಕುರಿತ ಭಾಗ. ಅವನ ರಾಜಧಾನಿ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ.

ಇದರಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ಅನುಗುಣವಾಗಿ ವಿಂಗಡಿಸಲಾಗಿದೆ. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಒದಗಿಸುವ ಹೊಣೆ ಅರಸನದು. ಪಟ್ಟುಗಳ ಹೆಸರುಗಳಿವೆ, ವಿವರಣೆ ಇಲ್ಲ. ಹೀಗಾಗಿ ಅವುಗಳನ್ನು ಹಾಕುತ್ತಿದ್ದ ಬಗೆಯನ್ನು ಗ್ರಂಥವೊಂದರಿಂದಲೇ ಅರಿಯಲಾಗದು.

ಅಭ್ಯಾಸಕ್ಕೆ ಗ್ರಂಥವು ಬಳಸುವ ಪದ 'ಶ್ರಮ': ಭಾರ ಎತ್ತುವುದು ಭಾರಶ್ರಮ, ಈಜು ಸಲಿಲಶ್ರಮ, ಕಂಬದ ಮೇಲಿನ ಸಾಧನೆ ಸ್ತಂಭಶ್ರಮ. ಚೀನೀ ಭಾಷೆಯ 'ಕುಂಗ್ ಫು' ಪದಕ್ಕೂ ದೀರ್ಘಕಾಲದ ಪರಿಶ್ರಮದಿಂದ ಗಳಿಸಿದ ನೈಪುಣ್ಯವೆಂದೇ ಅರ್ಥ. ಅದು ಕಾಳಗದ ಕಲೆಗೆ ಹೆಸರಾದದ್ದು ಈಚೆಗೆ. ಆದರೆ ಈ ಸಾಮ್ಯದಿಂದ ಒಂದು ಕಲೆ ಇನ್ನೊಂದರಿಂದ ಹುಟ್ಟಿತೆನ್ನಲಾಗದು. ಭಾರತದಿಂದ ಹೋದ ಬೋಧಿಧರ್ಮನು ಶಾವೊಲಿನ್ ಮಠದಲ್ಲಿ ಯುದ್ಧಕಲೆ ಕಲಿಸಿದನೆಂಬ ಪ್ರಸಿದ್ಧ ಕಥೆಯೂ 17ನೆಯ ಶತಮಾನದ ಬರಹದಿಂದ ಹಬ್ಬಿದ್ದು.

ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ಬೀದರನ್ನು ರಾಜಧಾನಿ ಮಾಡಿಕೊಂಡರು. ಅವರ ಆಸ್ಥಾನದ ಭಾಷೆ ಪಾರಸಿ. ಕನ್ನಡದ 'ಕುಸ್ತಿ', 'ಪೈಲ್ವಾನ', 'ಉಸ್ತಾದ' ಪದಗಳು ಪಾರಸಿ ಮೂಲದವು. ನೆರೆಯ ಹುಮನಾಬಾದಿನ ಹೆಸರಿನಲ್ಲಿರುವ 'ಆಬಾದ್' ಸಹ ಹಾಗೆಯೇ. ಹಳೆಯ 'ಮಲ್ಲ' ಪದವು 'ಮಲ್ಲಗಂಬ'ದಲ್ಲಿ ಇಂದಿಗೂ ಬಳಕೆಯಲ್ಲಿದೆ.